ಹೊಲದ ಹಾದಿಯ ಹಕ್ಕಿಗಳು



ಬೀಜ, ಗೊಬ್ಬರ, ಔಷಧಿ ಇವುಗಳ ಮಾತನ್ನು ನಾವು ಆಗಾಗ ಆಡುತ್ತಲೇ ಇರುತ್ತೇವೆ. ಇವತ್ತು ಹಕ್ಕಿಗಳ ಮಾತು ಆಡೋಣ. "ಹಕ್ಕಿ ನೋಡೂದು ಪುರುಸೊತ್ತು ಇದ್ದವರ ಕೆಲಸರೀ ಸಾಹೇಬ್ರ, ನಮಗ ಎತ್ತಿನ ಮುಖಾ ನೋಡಾಕ ಹೊತ್ತು ಸಾಲವಲ್ದು" ಎಂದು ನೀವು ಅನ್ನಬಹುದು. ಸರಿಯೇ. ಪೇಟೆಯವರು ಹಕ್ಕಿ ನೋಡಲಿಕ್ಕೆಂದೇ ರಜೆ ಹಾಕಿ, ಬಸ್ಸು ಹಿಡಿದು, ದೂರದ ಕೆರೆಗೆ ಹೋಗುತ್ತಾರೆ. ನಿಮಗೆ ಆ ಖರ್ಚಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಒಂದೆರಡು ಮೈಲಿ ಹಾದಿಯೇ ನಿಮ್ಮ ಪಕ್ಷಿಧಾಮ. ದಿನಾ ಕಾಣುವುದನ್ನು ಒಂದಿಷ್ಟು ಗಮನಕೊಟ್ಟು ಕಾಣಿರಿ ಎಂಬುದಷ್ಟೇ ನನ್ನ ಬಿನ್ನಹ. ಇದರಿಂದ ಲಾಭ ಉಂಟೇ ಎಂದರೆ, ಉಂಟು. ನೋಡದೆ ಇದ್ದರೆ ನಷ್ಟವೂ ಉಂಟು. ಆ ನಷ್ಟದ ಕತೆಯನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ನನ್ನದೇ ತಪ್ಪು.

ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದ ಹೊಸದು. ಶೇಂಗಾ ಒಕ್ಕಿ ಚೀಲ ತುಂಬಿಟ್ಟ ಒಂದು ಮನೆಯಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ನಾನು ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣದ ಬಿಲ್ಲೆಗಳನ್ನು ಇಡಲು ಹೇಳಿದೆ. ಎಷ್ಟು ಇಡಬೇಕು, ಮಕ್ಕಳಿಂದ ದನಗಳಿಂದ ಹೇಗೆ ದೂರ ಇಡಬೇಕು, ಎಲ್ಲವನ್ನೂ ಹೇಳಿದೆ. ಸತ್ತ ಇಲಿಗಳನ್ನು ದಿನಾ ಆರಿಸಿ ಆಳವಾಗಿ ಹುಗಿಯಿರಿ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಹತ್ತು ದಿನ ಬಿಟ್ಟು ಹೋದಾಗ ಇಲಿ ಕಡಿಮೆಯಾಗಿದ್ದವು. ಮನೆಯವರಿಗೆ ಸಂತೋಷ, ನನಗೂ ಸಂತೋಷ. ಹಿತ್ತಲಿಗೆ ಹೋಗಿ ನೋಡಿದರೆ ಬಣವೆಯ ಬುಡದಲ್ಲಿ ಬಿಳಿ ಮುಖದ ಗೂಬೆಯೊಂದು ರೆಕ್ಕೆ ಹರಡಿಕೊಂಡು ಸತ್ತು ಬಿದ್ದಿತ್ತು. "ಅಪಶಕುನದ ಗೂಗಿ, ತೊಲಗಿತು ಬಿಡ್ರಿ" ಎಂದರು ಯಜಮಾನರು. ನಾನೂ ನಕ್ಕು ಸುಮ್ಮನಾದೆ.

ಮರುವರ್ಷ ಅದೇ ಮನೆಗೆ ಇಲಿಗಳು ಮತ್ತೆ ಬಂದವು. ಆದರೆ ಗೂಬೆ ಬರಲಿಲ್ಲ. ಆ ಗೂಬೆ ಯಾತರಿಂದ ಸತ್ತಿತೆಂದು ನಾನು ಪರೀಕ್ಷೆ ಮಾಡಿಸಿರಲಿಲ್ಲ. ಆದರೆ ಈ ಪಾಷಾಣದ ಗುಣ ಇಂಥದು: ಇದನ್ನು ತಿಂದ ಇಲಿ ಒಡನೆ ಸಾಯುವುದಿಲ್ಲ. ಕೆಲವು ದಿನ ಬೇಕು. ಆ ದಿನಗಳಲ್ಲಿ ಅದು ಮಂಕಾಗಿ, ತೂಕಡಿಸುತ್ತಾ, ಬಯಲಿಗೆ ಬರುತ್ತದೆ. ಗೂಬೆಗೆ ಅದು ಸುಲಭದ ತುತ್ತು. ಇಲಿಯ ಹೊಟ್ಟೆಯ ವಿಷ ಗೂಬೆಯ ಹೊಟ್ಟೆಗೆ ಸೇರುತ್ತದೆ. ಸಂಬಳವಿಲ್ಲದೆ ರಾತ್ರಿಯಿಡೀ ಕಾವಲು ಕಾಯುತ್ತಿದ್ದ ಆಳನ್ನು ನಾವೇ ಕೊಂದ ಹಾಗಾಯಿತು. ಆ ಮನೆಯ ಮೇಲೆ ಗೂಬೆ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ನಾನು ಒಂದು ಸಲ ತಲೆಯೆತ್ತಿ ನೋಡಿರಲಿಲ್ಲ, ಅಷ್ಟೆ. ಅಂದಿನಿಂದ ನೋಡುವುದನ್ನು ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ನೋಡುವ ಹೊತ್ತು. ಹೊತ್ತು ಮೂಡಿದ ಮೇಲೆ ಎರಡು ತಾಸು, ಹೊತ್ತು ಮುಳುಗುವುದಕ್ಕೆ ಮುಂಚೆ ಎರಡು ತಾಸು ಹಕ್ಕಿಗಳ ಓಡಾಟ ಹೆಚ್ಚು. ನಡು ಮಧ್ಯಾಹ್ನ ಅವೂ ನೆರಳು ಹಿಡಿಯುತ್ತವೆ. ನೀವು ಹೊಲಕ್ಕೆ ಹೋಗುವುದೂ, ಹೊಲದಿಂದ ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಎರಡನೆಯದು, ನೋಡುವ ಕ್ರಮ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ಐದು ಸಂಗತಿಗಳನ್ನು ಗಮನಿಸಿರಿ. ಗಾತ್ರ ಎಷ್ಟು? ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ, ಈ ನಾಲ್ಕು ಅಳತೆ ಸಾಕು. ಕೊಕ್ಕು ಎಂಥದು? ಗಿಡ್ಡ ದಪ್ಪ ಕೊಕ್ಕು ಕಾಳು ಒಡೆಯುವುದಕ್ಕೆ, ಸಪುರ ಕೊಕ್ಕು ಹುಳ ಹಿಡಿಯುವುದಕ್ಕೆ, ಕೊಂಡಿಯಂತೆ ಬಾಗಿದ ಕೊಕ್ಕು ಮಾಂಸ ಹರಿಯುವುದಕ್ಕೆ. ಕೊಕ್ಕು ನೋಡಿದರೆ ಅದರ ಊಟ ಬಹುಮಟ್ಟಿಗೆ ತಿಳಿಯುತ್ತದೆ. ಮೂರನೆಯದು ಬಾಲ. ನಾಲ್ಕನೆಯದು ನಡೆ: ಕುಪ್ಪಳಿಸುತ್ತದೋ, ಹೆಜ್ಜೆ ಹಾಕುತ್ತದೋ, ತಂತಿಯ ಮೇಲೆ ಕೂತು ಹೊಂಚುತ್ತದೋ. ಐದನೆಯದು ಕೂಗು. ಬಣ್ಣವನ್ನು ಕೊನೆಗೆ ನೋಡಿರಿ, ಏಕೆಂದರೆ ಬಿಸಿಲಿಗೆ ಎದುರಾಗಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಈಗ ನಮ್ಮ ಹಾದಿಯಲ್ಲಿ ಯಾರು ಯಾರು ಸಿಗುತ್ತಾರೆ ನೋಡೋಣ. ಎಮ್ಮೆಯ ಬೆನ್ನಿನ ಮೇಲೆ, ವಿದ್ಯುತ್ ತಂತಿಯ ಮೇಲೆ ಕೂತ ಕರಿಯ ಹಕ್ಕಿ, ಬಾಲ ಮೀನಿನ ಬಾಲದಂತೆ ಸೀಳಿದೆ. ಇದೇ ಕಾಜಾಣ. ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿಯುತ್ತದೆ, ಗಿಡದ ಮೇಲಿನ ಕೀಡೆಯನ್ನೂ ಎತ್ತುತ್ತದೆ. ಗಾತ್ರ ಸಣ್ಣದಾದರೂ ಧೈರ್ಯ ದೊಡ್ಡದು, ಗೂಡಿನ ಹತ್ತಿರ ಬಂದ ಕಾಗೆಯನ್ನೂ ಹದ್ದನ್ನೂ ಅಟ್ಟಿಸಿಕೊಂಡು ಹೋಗುತ್ತದೆ.

ಅದೇ ತಂತಿಯ ಮೇಲೆ ಕಂದು ಬಣ್ಣದ, ಮಂಕಾಗಿ ಕೂತ ಇನ್ನೊಂದು ಹಕ್ಕಿ ಕಾಣುತ್ತದೆ. ಹಾರಿತೆಂದರೆ ರೆಕ್ಕೆಯೆಲ್ಲಾ ನೀಲಿ. ಇದು ನೀಲಕಂಠ, ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಮಿಡತೆ, ಜೀರುಂಡೆ ಇದರ ಊಟ. ನೇಗಿಲ ಹಿಂದೆ, ದನದ ಕಾಲಬುಡದಲ್ಲಿ ಓಡಾಡುವ ಬೆಳ್ಳಕ್ಕಿಯನ್ನು ಬಲ್ಲಿರಿ. ದನ ನಡೆದಾಗ ಹುಲ್ಲಿನಿಂದ ಏಳುವ ಮಿಡತೆಗಳಿಗಾಗಿ ಅದು ಕಾಯುತ್ತದೆ. ಮುಂಗಾರಿನ ಸುಮಾರಿಗೆ ಅದರ ತಲೆ ಕತ್ತು ಕಾವಿ ಬಣ್ಣಕ್ಕೆ ತಿರುಗಿದರೆ ಬೇರೆ ಹಕ್ಕಿ ಎಂದು ತಿಳಿಯಬೇಡಿರಿ, ಅದು ಮರಿ ಮಾಡುವ ಕಾಲದ ಉಡುಪು. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟು ಬಿಚ್ಚುವ ಚಂದ್ರಮುಕುಟ ನೆಲವನ್ನು ಕುಕ್ಕಿ ಕುಕ್ಕಿ ಮಣ್ಣೊಳಗಿನ ಹುಳ ತೆಗೆಯುತ್ತದೆ.

ಎಲ್ಲ ಹಕ್ಕಿಯೂ ರೈತನ ಮಿತ್ರನೇ ಎಂದು ಹೇಳಿದರೆ ನೀವು ನಗುತ್ತೀರಿ, ನಗಬೇಕು ಕೂಡ. ಗಿಳಿಗಳ ಹಿಂಡು ಹಾಲುಗಾಳಿನ ಜೋಳಕ್ಕೆ, ಸೂರ್ಯಕಾಂತಿಗೆ ಇಳಿದರೆ ಹೊಟ್ಟೆ ಉರಿಯುತ್ತದೆ. ನವಿಲು ಬಿತ್ತಿದ ಬೀಜ ಕೆದರುತ್ತದೆ. ಹಸಿರು ಪತ್ರಂಗ ಜೇನು ಸಾಕುವವರಿಗೆ ಆಗಿಬರುವುದಿಲ್ಲ, ಜೇನುಹುಳವೂ ಅದರ ಊಟವೇ. ಆದರೆ ಕೆಲವರ ಲೆಕ್ಕ ಅಷ್ಟು ಸರಳವಲ್ಲ. ಗೀಜಗ ಕಾಳು ತಿನ್ನುವ ಹಕ್ಕಿ, ತೆನೆಗೆ ಬೀಳುತ್ತದೆ. ಅದೇ ಗೀಜಗ ತನ್ನ ಮರಿಗಳಿಗೆ ಹೆಚ್ಚಾಗಿ ಹುಳಗಳನ್ನೇ ತಿನ್ನಿಸಿ ಬೆಳೆಸುತ್ತದೆ. ಗುಬ್ಬಿಯೂ ಹಾಗೆಯೇ. ಆದ್ದರಿಂದ ಯಾವ ಹಕ್ಕಿ, ಯಾವ ತಿಂಗಳು, ಯಾವ ಬೆಳೆಯಲ್ಲಿ, ಏನು ಮಾಡುತ್ತಿದೆ ಎಂಬುದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ನೋಡದೆ ತೀರ್ಮಾನ ಮಾಡಿದರೆ ನನ್ನ ಗೂಬೆಯ ಕತೆಯೇ ಆದೀತು.

ಇದಕ್ಕೆ ಕಡಲೆ ಬೆಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ಕರಿನೆಲದ ಹಿಂಗಾರಿ ಕಡಲೆಗೆ ಕಾಯಿಕೊರಕ ಹುಳುವೇ ದೊಡ್ಡ ಶತ್ರು. ತಲೆಯನ್ನು ಕಾಯೊಳಗೆ ತೂರಿಸಿ, ಮೈಯನ್ನು ಹೊರಗೆ ಬಿಟ್ಟು ತಿನ್ನುತ್ತದೆ. ಒಂದೇ ಹುಳು ಬೆಳೆದು ಕೋಶಕ್ಕೆ ಹೋಗುವಷ್ಟರಲ್ಲಿ 30ರಿಂದ 40 ಕಾಯಿ ಕೆಡಿಸಬಲ್ಲದು. ಮೈ ಹೊರಗೆ ಇರುವುದರಿಂದಲೇ ಹಕ್ಕಿಗೆ ಅದು ಕಾಣುತ್ತದೆ. ಕಡಲೆ ಗಿಡ ಕುಳ್ಳು, ಮೇಲೆ ಕೂತು ನೋಡಲು ಹಕ್ಕಿಗೆ ಜಾಗ ಬೇಕು. ಅದಕ್ಕಾಗಿ ಎಕರೆಗೆ 20ರಂತೆ ಕವಲುಕಡ್ಡಿಗಳನ್ನು ನೆಡಿರಿ. ಒಂದು ಕೋಲಿಗೆ ಅಡ್ಡ ಕಡ್ಡಿ ಕಟ್ಟಿದರೂ ಆಯಿತು. ಬೆಳೆಗಿಂತ ಒಂದೆರಡು ಅಡಿ ಎತ್ತರ ಇರಲಿ. ಕಾಜಾಣ, ಗೊರವಂಕ, ನೀಲಕಂಠ ಬಂದು ಕೂರುತ್ತವೆ. ಹೊಲದಲ್ಲಿ ಮಂಡಕ್ಕಿ ಚೆಲ್ಲಿದರೆ ಗೊರವಂಕಗಳು ಅದರ ಆಸೆಗೆ ಇಳಿದು, ಹುಳುವನ್ನೂ ಹೆಕ್ಕುತ್ತವೆ.

ಇದೇನು ಹೊಸ ವಿದ್ಯೆಯೇ? ಎಳ್ಳಮಾವಾಸ್ಯೆಯ ದಿನ ನಮ್ಮ ಹಿರಿಯರು ಹೊಲದ ತುಂಬ ಚರಗ ಚೆಲ್ಲುತ್ತಾ ಬಂದಿದ್ದಾರೆ. ಹಿಂಗಾರಿ ಬೆಳೆ ಹೂವು ಕಾಯಿಗೆ ಬರುವ ಕಾಲ ಅದು, ಹುಳು ಏಳುವ ಕಾಲವೂ ಅದೇ. ಚರಗದ ಅನ್ನಕ್ಕೆ ಬಂದ ಹಕ್ಕಿ ಬರಿಯ ಅನ್ನ ತಿಂದು ಹೋಗುವುದಿಲ್ಲ.

ಎರಡು ಎಚ್ಚರಿಕೆ ಮಾತ್ರ ಇರಲಿ. ಹಕ್ಕಿಗಳಿಂದಲೇ ಎಲ್ಲ ಹುಳು ತೀರುತ್ತದೆ ಎಂದು ಕೂರಬೇಡಿರಿ. ದಿನ ಬಿಟ್ಟು ದಿನ ಸಾಲು ನೋಡುತ್ತಿರಿ. ಮೀಟರು ಉದ್ದದ ಸಾಲಿಗೆ ಒಂದು ಹುಳುವಿನ ಲೆಕ್ಕ ಮುಟ್ಟಿದರೆ ಮುಂದಿನ ಕ್ರಮಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಇನ್ನೊಂದು, ಕಾಳು ಬಲಿಯುವ ಹೊತ್ತಿಗೆ ಕವಲುಕಡ್ಡಿ ಕಿತ್ತುಬಿಡಿರಿ. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೆ ನೀವೇ ಮಣೆ ಹಾಕಿ ಕರೆದಂತಾಗುತ್ತದೆ.

ಇನ್ನು ಚಿತ್ರ ತೆಗೆಯುವ ಮಾತು. ಈಗ ಮನೆಗೊಂದು ಮೊಬೈಲ್ ಇದೆ, ಅದರಲ್ಲೊಂದು ಕ್ಯಾಮೆರಾ ಇದೆ. ಮದುವೆ ಮುಂಜಿಯ ಚಿತ್ರಕ್ಕಷ್ಟೇ ಅದು ಮೀಸಲಾಗಬೇಕಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಕೃಷಿಯ ಜೊತೆಗೇ ಹಕ್ಕಿಗಳ ಚಿತ್ರ ತೆಗೆದರು, 'ಹಕ್ಕಿ ಪುಕ್ಕ', 'ಮಿಂಚುಳ್ಳಿ'ಯಂಥ ಪುಸ್ತಕಗಳನ್ನು ಬರೆದರು. ಅಂದಿನ ಫಿಲಂ ಕ್ಯಾಮೆರಾದಲ್ಲಿ ಒಂದು ರೋಲಿಗೆ 36 ಚಿತ್ರ, ತೊಳೆಸಿ ತರುವ ತನಕ ಬಂದಿದೆಯೋ ಇಲ್ಲವೋ ತಿಳಿಯದು. ನಮಗೆ ಆ ಕಷ್ಟವಿಲ್ಲ, ಕೆಟ್ಟದ್ದನ್ನು ಅಳಿಸಿ ಇನ್ನೊಂದು ತೆಗೆಯಬಹುದು.

ಚಿತ್ರಕ್ಕೆ ಕೆಲವು ಸುಲಭ ಸೂತ್ರಗಳಿವೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಲೆನ್ಸಿನ ಮೇಲಿನ ಬೆವರು, ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಮೈಗೆ ಒತ್ತಿಕೊಳ್ಳಿರಿ, ಇಲ್ಲವೆ ಮರಕ್ಕೆ, ಚಕ್ಕಡಿಗೆ ಆನಿಸಿರಿ. ಹಕ್ಕಿಯ ಕಡೆಗೆ ನೆಟ್ಟಗೆ ನಡೆಯಬೇಡಿರಿ. ಬೇರೆಲ್ಲೋ ಹೋಗುವವರಂತೆ ಓರೆಯಾಗಿ, ನಿಧಾನವಾಗಿ, ನಿಂತು ನಿಂತು ಹೋಗಿರಿ. ಮೊದಲ ಚಿತ್ರವನ್ನು ದೂರದಿಂದಲೇ ತೆಗೆದುಕೊಂಡುಬಿಡಿರಿ, ಮುಂದೆ ಹೋಗುವಷ್ಟರಲ್ಲಿ ಅದು ಹಾರಿದರೂ ಗುರುತಿಗೊಂದು ಇರುತ್ತದೆ. ನೆಲದ ಮೇಲಿನ ಹಕ್ಕಿಯಾದರೆ ಕುಕ್ಕರಗಾಲಲ್ಲಿ ಕೂತು, ಅದರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಿರಿ. ಮೊಬೈಲಿನ ಜೂಮ್ ಬಹಳ ಎಳೆದರೆ ಚಿತ್ರ ಒಡೆಯುತ್ತದೆ. ಚಿತ್ರ ಚೆಂದ ಬರದಿದ್ದರೂ ಚಿಂತೆಯಿಲ್ಲ. ಯಾವ ಹಕ್ಕಿ, ಯಾವ ಗಿಡದ ಮೇಲೆ, ಬಾಯಲ್ಲಿ ಏನು ಹಿಡಿದಿದೆ, ಇಷ್ಟು ಕಂಡರೆ ರೈತನ ಕೆಲಸ ಆಯಿತು. ತಾರೀಖು, ಹೊತ್ತು ಮೊಬೈಲಿನಲ್ಲಿ ತಾನಾಗಿಯೇ ಉಳಿಯುತ್ತದೆ.

ಇಂಥದೇ ಒಂದು ಮಸುಕು ಚಿತ್ರ ಏನು ಮಾಡಿತೆಂದು ಹೇಳುತ್ತೇನೆ. ಇನ್ನೊಂದು ಊರಿನಲ್ಲಿ ಹಳೆಯ ವಾಡೆಯ ಬಿರುಕಿನಲ್ಲಿ ಗೂಬೆಯ ಜೋಡಿ ಸೇರಿಕೊಂಡಿತ್ತು. ಪಕ್ಕದ ಮನೆಯ ಅಜ್ಜ ಅದನ್ನು ಹೊಗೆ ಹಾಕಿ ಓಡಿಸಬೇಕೆಂದಿದ್ದರು. ನಾನು ಹೋಗಿ, "ಅಜ್ಜಾರ, ಹಾಲಕ್ಕಿ ನುಡದ್ರ ಒಳ್ಳೇದು ಅಂತೀರಿ. ಅದೂ ಗೂಗಿ ಜಾತೀದ ಐತ್ರಿ. ಇದಕ್ಕ ಯಾಕ ಹೊಗಿ?" ಎಂದೆ. ಅವರು ಮಾತಾಡಲಿಲ್ಲ. ಒಪ್ಪಿದರೆಂದೂ ನನಗನಿಸಲಿಲ್ಲ. ಒಂಬತ್ತನೆಯ ಇಯತ್ತೆ ಓದುವ ಅವರ ಮೊಮ್ಮಗಳು ಕೇಳುತ್ತಾ ನಿಂತಿದ್ದಳು. ಗೋಡೆಯ ಬುಡದಲ್ಲಿ ಬಿದ್ದಿದ್ದ ಕರಿಯ ಉಂಡೆಗಳನ್ನು ಅವಳಿಗೆ ತೋರಿಸಿದೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಎಲುಬು, ಕೂದಲು ಉಂಡೆಯಾಗಿ ಬಾಯಿಂದಲೇ ಹೊರಗೆ ಬೀಳುತ್ತದೆ. ಕಡ್ಡಿಯಿಂದ ಬಿಡಿಸಿ ನೋಡಿದೆವು. ಆರು ಉಂಡೆಗಳಲ್ಲಿ ಒಂಬತ್ತು ಇಲಿ ಬುರುಡೆ ಸಿಕ್ಕವು.

ಹುಡುಗಿ ಮೂರು ಸಂಜೆ ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ಅಲುಗಾಡದೆ ಕೂತಳು. ನಾನು ಹೇಳಿದಂತೆ ಫ್ಲಾಶ್ ದೀಪ ಆರಿಸಿದ್ದಳು. ಮೂರನೆಯ ಸಂಜೆ ಒಂದು ಚಿತ್ರ ಬಂತು. ಅರ್ಧ ಕತ್ತಲೆ, ಗೋಡೆಯ ಮೇಲೊಂದು ಬಿಳಿಯ ಮುಖ, ಕೊಕ್ಕಿನಿಂದ ಜೋತುಬಿದ್ದ ಒಂದು ಬಾಲ. ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ಜ್ವಾಳದ ಚೀಲ ತೂತು ಹಾಕೋದು ಇದರ ಬಾಯಾಗ ಐತಲ್ಲ" ಎಂದರು. ಹೊಗೆ ಹಾಕುವ ಮಾತು ಅಲ್ಲಿಗೆ ನಿಂತಿತು. ಉಂಡೆ ತೋರಿಸಿ ನಾನು ಮಾಡಲಾರದ ಕೆಲಸವನ್ನು ಆ ಚಿತ್ರ ಮಾಡಿತು.

ಇಲಿ ಪಾಷಾಣ ಇಡಲೇಬೇಕಾದ ಮನೆಯವರು ಒಂದು ಮಾತು ನೆನಪಿಡಿರಿ. ಮೊದಲು ಬೋನು ಇಡಿ, ಬಿಲ ಮುಚ್ಚಿರಿ, ಚೀಲಗಳನ್ನು ಗೋಡೆಯಿಂದ ದೂರ ಮಣೆಯ ಮೇಲೆ ಇಡಿರಿ. ಆದರೂ ಆಗದಿದ್ದರೆ ಪಾಷಾಣ ಇಟ್ಟು, ಸತ್ತ ಇಲಿಗಳನ್ನು ದಿನಾ ಬೆಳಿಗ್ಗೆ ಕೈಗೆ ಚೀಲ ಸುತ್ತಿಕೊಂಡು ಆರಿಸಿ, ಆಳವಾದ ಗುಂಡಿಯಲ್ಲಿ ಹುಗಿಯಿರಿ. ಕಾಳಿಗೆ ವಿಷ ಬೆರೆಸಿ ಹೊಲದಲ್ಲಿ ಚೆಲ್ಲುವ ಕೆಲಸವನ್ನಂತೂ ಮಾಡಲೇಬೇಡಿರಿ. ಅದು ನವಿಲು, ಕೌಜುಗ, ನಿಮ್ಮ ಮನೆಯ ಕೋಳಿ ಎಂದು ಭೇದ ಮಾಡುವುದಿಲ್ಲ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. ಅದನ್ನು ಕೊಲ್ಲುವುದೂ, ಗಿಳಿ ಗೂಬೆಗಳನ್ನು ಹಿಡಿದು ಪಂಜರದಲ್ಲಿ ಇಡುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಚಿತ್ರ ತೆಗೆಯುವ ಉಮೇದಿನಲ್ಲಿ ಹಕ್ಕಿಗೆ ಕೇಡಾಗಬಾರದು. ಗೂಡಿನ ಹತ್ತಿರ ಹೋಗಬೇಡಿರಿ. ನೀವು ನಿಂತಷ್ಟು ಹೊತ್ತು ತಾಯಿ ಹೊರಗೆ ಇರುತ್ತದೆ, ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಕಾಗೆಗೆ ಗೂಡಿನ ದಾರಿ ತೋರಿಸಿದ ಹಾಗೂ ಆಗುತ್ತದೆ. ಮರೆಯಾಗಿರುವ ಕೊಂಬೆ ಮುರಿಯಬೇಡಿರಿ. ಕೂತ ಹಕ್ಕಿ ಹಾರಲೆಂದು ಕಲ್ಲು ಒಗೆಯಬೇಡಿರಿ. ಗಿಳಿಯ ಪೊಟರೆ, ಗೂಬೆಯ ಗೂಡು ಎಲ್ಲಿದೆ ಎಂದು ವಾಟ್ಸಾಪಿನಲ್ಲಿ ಊರೂರಿಗೆ ಸಾರಬೇಡಿರಿ, ಹಿಡಿಯುವವರೂ ಅದನ್ನು ಓದುತ್ತಾರೆ.

ಗೂಡಿನ ಮಾತು ಬಂದಾಗ ಟಿಟ್ಟಿಭವನ್ನು ಹೇಳದೆ ಮುಗಿಸಲಾರೆ. ಹಳದಿ ಕಾಲು, ಕಣ್ಣ ಮುಂದೆ ಕೆಂಪು ತೊಗಲು, ಮನುಷ್ಯನನ್ನು ಕಂಡರೆ ತಲೆಯ ಮೇಲೆ ಸುತ್ತುತ್ತಾ ಕಿರುಚಾಡುವ ಹಕ್ಕಿ. ಅದು ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲೇ ಸಣ್ಣ ತಗ್ಗು ಮಾಡಿ, ಸಾಮಾನ್ಯವಾಗಿ ನಾಲ್ಕು ಮಣ್ಣು ಬಣ್ಣದ ಮೊಟ್ಟೆ ಇಡುತ್ತದೆ. ಮುಂಗಾರಿಗೆ ಹೊಲ ಹರಗುವ ಕಾಲಕ್ಕೇ ಎಷ್ಟೋ ಗೂಡುಗಳು ಇರುತ್ತವೆ. ಕುಂಟೆ ಹಾಯ್ದರೆ ಒಂದು ಕ್ಷಣದಲ್ಲಿ ಎಲ್ಲಾ ಮುಗಿಯಿತು.

ಒಬ್ಬ ತಾಯಿಯ ಹೊಲದಲ್ಲಿ ನಾನು ಕಂಡದ್ದು: ಹರಗಿದ ಹೊಲದ ನಡುವೆ ಎರಡು ಮಾರು ಜಾಗ ಹಾಗೆಯೇ ಬಿಟ್ಟಿತ್ತು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. "ಇದೇನು ಅಮ್ಮಾರ, ದೇವರ ಜಾಗಾ ಏನ್ರಿ?" ಎಂದು ಕೇಳಿದೆ. "ಬಾಣಂತಿ ಕುಂತಾಳೋ ತಮ್ಮಾ. ತಿಂಗಳೊಪ್ಪತ್ತು ಕುಂದರಲಿ. ಎರಡು ಮಾರು ಭೂಮಿಯಿಂದ ನಾ ಏನು ಬಡವಿ ಆಗಾಂಗಿಲ್ಲ" ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಟಿಟ್ಟಿಭದ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು ಬೇಕು. ಮೊಟ್ಟೆಯಿಂದ ಹೊರಬಿದ್ದ ಮರಿಗಳು ಬೇಗನೆ ತಾಯಿಯ ಹಿಂದೆ ಓಡುತ್ತವೆ, ಆಮೇಲೆ ಆ ಜಾಗ ನಿಮ್ಮದೇ. ಟ್ರಾಕ್ಟರಿನಲ್ಲಿ ಹರಗುವವರು ಕೆಲಸ ಆರಂಭಿಸುವ ಮುಂಚೆ ಹೊಲದ ಸುತ್ತ ಒಮ್ಮೆ ನಡೆದು ಬನ್ನಿರಿ. ಟಿಟ್ಟಿಭ ಎಲ್ಲಿ ಹೆಚ್ಚು ಕಿರುಚುತ್ತದೋ ಅಲ್ಲಿ ನೆಲ ನೋಡಿ ಕಾಲಿಡಿರಿ.

ಊರವರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಗಳಿವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳ ಮೇಲೆಯೇ ಮರಿ ಮಾಡುತ್ತವೆ. ಊರವರು ಅವನ್ನು ಕಾಯುತ್ತಾರೆ, ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. 2007ರಲ್ಲಿ ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಪಕ್ಷಿತಜ್ಞ ಸಲೀಂ ಅಲಿ (1896–1987) ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ ಅವುಗಳ ಗುರುತು. ಈ ಮಾಗಡಿ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದವು. ಸಂತೆಗೋ ಜಾತ್ರೆಗೋ ಆ ಕಡೆ ಹೋದಾಗ ಮಕ್ಕಳನ್ನು ಕರೆದುಕೊಂಡು ನೋಡಿ ಬನ್ನಿರಿ.

ಸಲೀಂ ಅಲಿಯವರ ಹಕ್ಕಿ ವಿದ್ಯೆ ಆರಂಭವಾದದ್ದು ಹುಡುಗನಾಗಿದ್ದಾಗ ಆಟದ ಬಂದೂಕಿಗೆ ಬಿದ್ದ ಒಂದು ಗುಬ್ಬಿಯಿಂದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಏಕಿದೆ ಎಂದು ಅವರು ಕೇಳಿದರು. ನಮ್ಮ ಮನೆಯ ಮಕ್ಕಳೂ ಕೇಳಲಿ. ಮನೆಯಲ್ಲಿ ಹಳೆಯ ನೋಟುಬುಕ್ಕಿನ ಖಾಲಿ ಹಾಳೆ ಇರುತ್ತದೆ. ತಾರೀಖು, ಹೊಲದ ಹೆಸರು, ಬೆಳೆ, ಕಂಡ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಇಷ್ಟು ಬರೆಯಲಿ. ಹೆಸರು ತಿಳಿಯದಿದ್ದರೆ ಮೊಬೈಲಿನಲ್ಲಿ 'ಮರ್ಲಿನ್' ಎಂಬ ಉಚಿತ ಆ್ಯಪ್ ಇದೆ, ಚಿತ್ರ ತೋರಿಸಿದರೂ ಕೂಗು ಕೇಳಿಸಿದರೂ ಹೆಸರು ಸೂಚಿಸುತ್ತದೆ. ಅದೂ ತಪ್ಪುವುದುಂಟು, ಊರಿನ ಹಿರಿಯರನ್ನು ಕೇಳಿ ತಾಳೆ ನೋಡಿರಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತದವರು 2013ರಿಂದ ಅದರಲ್ಲಿ ಸೇರಿದ್ದಾರೆ. ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿದರೂ ಆ ಲೆಕ್ಕಕ್ಕೆ ಸೇರುತ್ತದೆ.

ಒಂದು ವರ್ಷ ಹೀಗೆ ಬರೆದಿಟ್ಟರೆ ನಿಮ್ಮ ಹೊಲಕ್ಕೆ ಯಾರು ಯಾವಾಗ ಬರುತ್ತಾರೆ, ಯಾರು ಉಣ್ಣುತ್ತಾರೆ, ಯಾರು ದುಡಿಯುತ್ತಾರೆ ಎಂಬುದು ನಮ್ಮಂಥ ಅಧಿಕಾರಿಗಳಿಗಿಂತ ನಿಮಗೇ ಚೆನ್ನಾಗಿ ತಿಳಿಯುತ್ತದೆ. ನಾವು ಬಂದು ಔಷಧಿಯ ಮಾತು ಎತ್ತಿದಾಗ ಆ ಬುಕ್ಕು ತೆಗೆದು ಮುಂದೆ ಇಡಿರಿ. ನಾನು ಆ ಮನೆಗೆ ಪಾಷಾಣ ಕೊಡಲು ಹೋದ ದಿನ ಯಾರಾದರೂ ಅಂಥ ಒಂದು ಹಾಳೆ ತೋರಿಸಿದ್ದರೆ, ಬಣವೆಯ ಬುಡದಲ್ಲಿ ಆ ಗೂಬೆ ಬೀಳುತ್ತಿರಲಿಲ್ಲವೇನೋ.

ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ತಂತಿಯ ಮೇಲೆ ಕಣ್ಣಿಡಿರಿ. ಸೀಳು ಬಾಲದ ಕಾಜಾಣ ಕೂತಿರುತ್ತದೆ. ಅದರಿಂದಲೇ ಆರಂಭಿಸಿರಿ.